ನನ್ನೊಬ್ಬಳಿಗೇ ಹೇಳಿದ ಮಾತು

ತೆಲಂಗಾಣ ರಾಜ್ಯವಾದ ವಾರವೇ ಮಕ್ತಲ್ ಕಡೆಯ ಒಬ್ಬ ಹೆಣ್ಣುಮಗಳು ನಮ್ಮ ಆಸ್ಪತ್ರೆಗೆ ಸೇರಿದಳು. ಹೈದರಾಬಾದಿನ ಬೀದಿಗಳಲ್ಲಿ ಇನ್ನೂ ಮೆರವಣಿಗೆ ನಿಂತಿರಲಿಲ್ಲ. ಆಸ್ಪತ್ರೆಯ ಕಚೇರಿಯಲ್ಲಿ ಗುಮಾಸ್ತರು ಕಾಗದಗಳ ಮೇಲಿದ್ದ ಹಳೆಯ ರಾಜ್ಯದ ಹೆಸರನ್ನು ಪೆನ್ನಿನಿಂದ ಹೊಡೆದು ಹೊಸದನ್ನು ಬರೆಯುತ್ತಿದ್ದರು. ಆಕೆಯ ಕಾಗದದ ಮೇಲೂ ಹಾಗೆಯೇ ಬರೆದಿತ್ತು.

ನಾನು ಅರಿವಳಿಕೆ ವೈದ್ಯೆ. ಹೃದಯದ ಶಸ್ತ್ರಚಿಕಿತ್ಸೆ ನಡೆಯುವಾಗ ರೋಗಿಯ ತಲೆಯ ಬದಿಗೆ ನಿಲ್ಲುವವಳು. ನಿದ್ದೆ ಬರಿಸಿದ ಮೇಲೆ ಬೆರಳಿನಷ್ಟು ದಪ್ಪದ ಕೊಳವೆಯೊಂದನ್ನು ಬಾಯಿಂದ ಅನ್ನನಾಳಕ್ಕೆ ಇಳಿಸುತ್ತೇನೆ. ಅದರ ತುದಿಯಿಂದ ಕಿವಿಗೆ ಕೇಳದ ಸದ್ದು ಹೊರಟು, ಪಕ್ಕದಲ್ಲೇ ಇರುವ ಹೃದಯಕ್ಕೆ ತಾಗಿ ಮರಳುತ್ತದೆ. ಪರದೆಯ ಮೇಲೆ ಬಡಿಯುವ ಹೃದಯದ ಒಳಗೆಲ್ಲ ಕಾಣುತ್ತದೆ. ಶಸ್ತ್ರವೈದ್ಯರು ಕವಾಟವನ್ನು ಹೊಲಿಯುವುದು ಹೃದಯವನ್ನು ನಿಲ್ಲಿಸಿ. ಅದು ಮತ್ತೆ ಬಡಿಯತೊಡಗಿದಾಗ ಹೊಲಿಗೆ ಸರಿಯಾಗಿದೆಯೋ ಇಲ್ಲವೋ ಎಂಬುದು ಕೈಗೆ ತಿಳಿಯುವುದಿಲ್ಲ. ಅದನ್ನು ನಾನು ನೋಡಿ ಹೇಳಬೇಕು.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಮಧ್ಯಾಹ್ನ ಆಕೆಯನ್ನು ನೋಡಲು ಹೋದಾಗ ವಾರ್ಡಿನ ನರ್ಸು, "ಆಕೆಗೆ ತೆಲುಗು ಚೆನ್ನಾಗೇ ಬರುತ್ತದೆ ಮೇಡಂ. ಆದರೆ ಹೆದರಿಕೆಯಾದರೆ ಬೇರೆ ಏನೋ ಭಾಷೆ ಮಾತಾಡ್ತಾಳೆ," ಎಂದಳು. ಹತ್ತಿರ ಹೋಗಿ ಕೇಳಿಸಿಕೊಂಡೆ. ನಮ್ಮ ಮನೆಯ ಕನ್ನಡವೇ.

"ಯಾವೂರವ್ವಾ ನಿಂದು?" ಎಂದೆ.

ಆಕೆ ತಟ್ಟನೆ ಎದ್ದು ಕೂತಳು. "ನೀವು ನಮ್ಮ ಕಡಿಯವ್ರೇನ್ರಿ?"

"ನಾರಾಯಣಪೇಟದಾಕಿ ನಾ. ನಮ್ಮವ್ವ ಈಗೂ ಮಗ್ಗದ ಮ್ಯಾಲ ಕೂಡ್ತಾಳ."

"ಮಕ್ತಲ್ ಬಾಜೂ ಹಳ್ಳಿರಿ ನಮ್ದು. ನಮ್ಮವರು ಕುರಿ ಕಾಯ್ತಾರ," ಎಂದು ಬಾಗಿಲ ಹತ್ತಿರ ನಿಂತಿದ್ದ ಗಂಡನನ್ನು ತೋರಿಸಿದಳು. ಎತ್ತರದ ಆಳು, ಹಣೆಯ ತುಂಬ ಅರಿಶಿನದ ಭಂಡಾರ. ಹೊರಡುವ ಮೊದಲು ಬೀರಪ್ಪನ ಗುಡಿಗೆ ಹೋಗಿ ಬಂದಿದ್ದನಂತೆ.

ಆಕೆಗೆ ಇಪ್ಪತ್ತನಾಲ್ಕು ವರ್ಷ. ಚಿಕ್ಕಂದಿನಲ್ಲಿ ಕೀಲುಗಳೆಲ್ಲ ಊದಿಕೊಂಡು ಜ್ವರ ಬಂದಿತ್ತು. ಆ ಜ್ವರ ಹೃದಯದ ಎಡಗಡೆಯ ಕವಾಟವನ್ನು ಸುಕ್ಕಾಗಿಸಿ ಹೋಗಿತ್ತು. ಮದುವೆಯಾದ ಮೇಲೆ ಒಂದು ಕೊಡ ನೀರು ತರುವುದಕ್ಕೂ ಏದುಸಿರು. ಕವಾಟವನ್ನು ಕತ್ತರಿಸಿ ಹೊಲಿದು ಸರಿಮಾಡುತ್ತಾರೆ, ಆಗದಿದ್ದರೆ ಲೋಹದ್ದೋ, ಕೆಲವು ವರ್ಷಕ್ಕೆ ಬದಲಿಸಬೇಕಾದ ಅಂಗಾಂಶದ್ದೋ ಬೇರೆ ಕವಾಟ ಹಾಕುತ್ತಾರೆ ಎಂದು ವಿವರಿಸಿದೆ. ಆಕೆ ಗಂಡನಿಗೆ ಕೇಳಿಸದಂತೆ ದನಿ ತಗ್ಗಿಸಿದಳು.

"ಅಕ್ಕಾರ, ಬಾಜೂ ಮಂಚದಾಕಿ ಹೇಳಿದ್ಲು, ಲೋಹದ್ದು ಹಾಕಿದ್ರ ದಿನಾ ಗುಳಿಗಿ ನುಂಗಬೇಕಂತ, ಆ ಗುಳಿಗಿಗೆ ಹೊಟ್ಟ್ಯಾಗ ಕೂಸು ನಿಲ್ಲಂಗಿಲ್ಲಂತ. ಖರೇನ್ರಿ?"

"ತ್ರಾಸ ಆಗ್ತೈತವ್ವಾ, ಖರೇನ," ಎಂದೆ.

"ಹಂಗಾದ್ರ ಲೋಹದ್ದು ಬ್ಯಾಡ್ರಿ. ಮತ್ತೊಮ್ಮಿ ಎದಿ ಕೊಯ್ಯೂದಾದ್ರೂ ಕೊಯ್ಯಲಿ. ನನಗ ಒಂದು ಕೂಸು ಬೇಕು. ದೊಡ್ಡ ಡಾಕ್ಟರ್ ಮುಂದ ನನಗ ಬಾಯೇ ಬರಂಗಿಲ್ರಿ. ನೀವ ಹೇಳ್ರಿ."

"ಹೇಳ್ತೀನಿ. ರಿಪೇರಿನ ಆಗ್ತೈತಿ, ಫಿಕರ್ ಮಾಡಬ್ಯಾಡ," ಎಂದೆ.

ಅಂದು ಸಂಜೆ ಹಿರಿಯ ಶಸ್ತ್ರವೈದ್ಯರು ಸಿಕ್ಕರು. ಇನ್ನೊಬ್ಬ ರೋಗಿಯ ವಿಷಯ ಮಾತಾಡಿದೆವು. ಈಕೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಗೂ ಕವಾಟ ರಿಪೇರಿಯಾಗುತ್ತದೆ, ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡೆ. ಬೆಳಿಗ್ಗೆ ಅವರು ಬರುವಷ್ಟರಲ್ಲಿ ನಾನು ಆಕೆಯ ಕುತ್ತಿಗೆಯ ರಕ್ತನಾಳಕ್ಕೆ ಸೂಜಿ ಹಾಕುವುದರಲ್ಲಿದ್ದೆ. ಇವು ನೆಪಗಳು ಎಂದು ನನಗೂ ಗೊತ್ತು.

ರಿಪೇರಿ ಕಷ್ಟದ್ದಾಗಿತ್ತು. ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೃದಯ ನಿಂತೇ ಇತ್ತು. ಕೊನೆಗೆ ಅದು ಬಡಿಯತೊಡಗಿದಾಗ ಎಲ್ಲರೂ ಪರದೆಯತ್ತ ತಿರುಗಿದರು.

"ಲೀಕ್ ಎಂತ ಉಂದಮ್ಮಾ?" ಎಂದರು ಶಸ್ತ್ರವೈದ್ಯರು. ಸೋರಿಕೆ ಎಷ್ಟಿದೆ ಎಂದು.

ಹಿಂದಕ್ಕೆ ಹರಿಯುವ ರಕ್ತ ಪರದೆಯ ಮೇಲೆ ಬಣ್ಣದ ಒಂದು ಎಳೆಯಾಗಿ ಕಾಣುತ್ತದೆ. ಎಳೆ ಸಣ್ಣದಿತ್ತು. "ಸ್ವಲ್ಪ ಇದೆ ಸರ್," ಎಂದೆ.

"ಸ್ವಲ್ಪ ಇದ್ದರೆ ಇರಲಿ. ಮುಚ್ಚೋಣ."

ಆದರೆ ಅರಿವಳಿಕೆಯಲ್ಲಿ ರಕ್ತದೊತ್ತಡ ತಗ್ಗಿರುತ್ತದೆ, ಸೋರಿಕೆ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಎಚ್ಚರವಾಗಿ ನಡೆದಾಡುವಾಗ ಎಷ್ಟಾಗುತ್ತದೆ ಎಂದು ತಿಳಿಯಬೇಕಾದರೆ ಔಷಧಿ ಕೊಟ್ಟು ಒತ್ತಡ ಏರಿಸಿ ನೋಡಬೇಕು. "ಎರಡು ನಿಮಿಷ ಕೊಡಿ ಸರ್," ಎಂದೆ. ಅವರಿಗೆ ಇಷ್ಟವಾಗಲಿಲ್ಲ. ನಾನು ಔಷಧಿ ಕೊಟ್ಟೆ. ಒತ್ತಡ ಏರುತ್ತಿದ್ದಂತೆ ಬಣ್ಣದ ಎಳೆ ಅಗಲವಾಯಿತು, ಉದ್ದವಾಯಿತು, ಹೃದಯದ ಮೇಲುಕೋಣೆಯ ಹಿಂದಿನ ಗೋಡೆ ಮುಟ್ಟಿತು.

"ಇದನ್ನು ಹೀಗೇ ಬಿಟ್ಟರೆ ವರ್ಷದೊಳಗೆ ವಾಪಸ್ ಬರುತ್ತಾಳೆ ಸರ್," ಎಂದೆ.

ಅವರು ಪರದೆಯನ್ನು ತುಂಬ ಹೊತ್ತು ನೋಡಿ, "ನೀನು ಹೇಳಿದ್ದು ಸರಿ," ಎಂದರು. ಅಷ್ಟು ಜನರ ಎದುರಿಗೆ ಅವರು ಹಾಗೆ ಹೇಳಿದ್ದು ಅದೇ ಮೊದಲು. ಮತ್ತೆ ಹೃದಯ ನಿಲ್ಲಿಸಿ, ಹೊಲಿದದ್ದನ್ನು ಬಿಚ್ಚಿ, ನರ್ಸಿಗೆ ಲೋಹದ ಕವಾಟ ತರಲು ಹೇಳಿದರು. ಪ್ರಾಣಿಯ ಅಂಗಾಂಶದ ಕವಾಟಕ್ಕೆ ಜೀವನಪೂರ್ತಿ ಗುಳಿಗೆ ಬೇಡ. ಆದರೆ ಹತ್ತು ಹನ್ನೆರಡು ವರ್ಷಕ್ಕೆ ಅದು ಸವೆದು ಮತ್ತೆ ಎದೆ ತೆರೆಯಬೇಕಾಗುತ್ತದೆ. ಎಳೆಯ ವಯಸ್ಸಿನವರಿಗೆ ಅವರು ಲೋಹದ್ದನ್ನೇ ಹಾಕುತ್ತಿದ್ದರು.

ಆಗ ಆಕೆಯ ಮಾತು ನನಗೆ ಮರೆತಿರಲಿಲ್ಲ. ಸ್ಪಷ್ಟವಾಗಿ ನೆನಪಾಯಿತು. ಒಂದು ಸಲ ಅವರನ್ನು ತಡೆದಾಗಿದೆ, ಎರಡನೇ ಸಲ ಹೇಗೆ ತಡೆಯುವುದು ಎನ್ನಿಸಿತು. ಹೃದಯ ಬಳಲಿದೆ, ಚರ್ಚೆಗೆ ಹೊತ್ತಿಲ್ಲ ಎಂದೂ ಅನ್ನಿಸಿತು. ಇನ್ನೊಂದನ್ನೂ ಮುಚ್ಚಿಡಬಾರದು. ನನ್ನ ಮಾತು ಗೆದ್ದ ಹಿಗ್ಗು ಎದೆಯಲ್ಲಿತ್ತು, ಆ ಹಿಗ್ಗನ್ನು ಕೆಡಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ನರ್ಸು ಕವಾಟದ ಪೆಟ್ಟಿಗೆ ತಂದಳು. ನಾನು ಪರದೆ ನೋಡುತ್ತ ನಿಂತೆ.

ಎರಡು ದಿನದ ಮೇಲೆ ಆಕೆಗೆ ಪೂರ್ತಿ ಎಚ್ಚರವಾದಾಗ ನಾನೇ ಹೇಳಿದೆ. "ರಿಪೇರಿ ಆಗಲಿಲ್ಲವ್ವಾ. ಲೋಹದ್ದು ಹಾಕಬೇಕಾತು."

ಆಕೆ ಅಳಲಿಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡಳು. ಲೋಹದ ಕವಾಟ ಮುಚ್ಚುವಾಗಲೆಲ್ಲ ಗಡಿಯಾರದಂತೆ ಟಿಕ್ ಎನ್ನುತ್ತದೆ, ಹತ್ತಿರ ಕೂತವರಿಗೂ ಕೇಳಿಸುತ್ತದೆ. "ಇದೇನ್ರಿ ಸದ್ದು?" ಎಂದಳು. ಹೇಳಿದೆ.

ಮನೆಗೆ ಕಳಿಸುವಾಗ ಗಂಡನಿಗೆ ಗುಳಿಗೆಯ ವಿಷಯ ಮೂರು ಸಲ ಹೇಳಿದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ, ಒಂದು ದಿನವೂ ತಪ್ಪಬಾರದು, ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಅವರ ಊರಿಗೆ ಅನುಕೂಲವಾದ ಲ್ಯಾಬ್ ಗದ್ವಾಲದಲ್ಲಿತ್ತು. "ಜೂರಾಲ ಡ್ಯಾಂ ದಾಟಿದ್ರ ಗದ್ವಾಲ್ರಿ. ಕರಕೊಂಡು ಹೋಗ್ತೀನ್ರಿ," ಎಂದ. ಹಾಗೆಯೇ ಮಾಡಿದ. ಪ್ರತಿ ಸಲ ಲ್ಯಾಬಿನವರು ಬರೆದುಕೊಟ್ಟ ಅಂಕಿಯನ್ನು ನನಗೆ ಫೋನಿನಲ್ಲಿ ಓದಿ ಹೇಳುತ್ತಿದ್ದ. ಬಸವಳಿಯದೆ ನೀರು ತರುತ್ತಾಳೆ, ಕುರಿಹಿಂಡಿನ ಹಿಂದೆ ನಡೆಯುತ್ತಾಳೆ ಎಂದೂ ಹೇಳುತ್ತಿದ್ದ. ನನಗೆ ಸಮಾಧಾನವಾಗಿತ್ತು.

ಮರುವರ್ಷ ದಸರೆಗೆ ನಾರಾಯಣಪೇಟೆಗೆ ಬಂದಿದ್ದೆ. ಆ ತಿಂಗಳು ಅವನ ಫೋನು ಬಂದಿರಲಿಲ್ಲ. ಮಕ್ತಲ್ ದೂರವೇನಲ್ಲ, ಹೋಗಿ ನೋಡಿಯೇ ಬರುತ್ತೇನೆ ಎಂದು ಅವ್ವನಿಗೆ ಹೇಳಿ ಹೊರಟೆ. ಹತ್ತು ಗಂಟೆಗೆ ಅವರ ಊರು ಸೇರಿದೆ. ಗಂಡ ಕುರಿಹಟ್ಟಿಯ ಮುಳ್ಳುಬೇಲಿ ಸರಿಮಾಡುತ್ತಿದ್ದವನು ನನ್ನನ್ನು ಕಂಡು ಓಡಿಬಂದ. ಮುಖದ ತುಂಬ ನಗು.

"ಆಕಿಗೆ ನಾಕನೇ ತಿಂಗಳ್ರಿ ಡಾಕ್ಟ್ರಮ್ಮಾರ!" ಎಂದ. "ಗುಂಡಿಗೀನೂ ಪೂರಾ ಆರಾಮ ಆಗೈತ್ರಿ. ಆ ಟಿಕ್ ಟಿಕ್ ಸದ್ದು ನಿಂತೈತ್ರಿ."

ಲೋಹದ ಕವಾಟ ಸದ್ದು ನಿಲ್ಲಿಸಿತೆಂದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ಅದು ಸಿಕ್ಕಿಕೊಂಡಿದೆ ಎಂದೇ ಅರ್ಥ.

ಒಳಗೆ ಆಕೆ ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತದೆ, ಬಸುರಿಯರಿಗೆ ಹೀಗೆಯೇ ಆಗುತ್ತದಂತೆ ಎಂದಳು. ಎದೆಗೆ ಕಿವಿಯಿಟ್ಟೆ. ಗಟ್ಟಿಯಾಗಿ ಕೇಳಬೇಕಾದ ಸದ್ದು ಬಟ್ಟೆಯಲ್ಲಿ ಸುತ್ತಿಟ್ಟಂತೆ ಮಂದವಾಗಿತ್ತು.

"ಗುಳಿಗಿ ತೊಗೊಳ್ಳಾಕತ್ತಿಯೇನವ್ವಾ?"

ಆಕೆ ಗಂಡನ ಮುಖ ನೋಡಿದಳು, ಆಮೇಲೆ ನೆಲ. "ಬಿಟ್ಟೀನ್ರಿ. ಮೂರು ವಾರ ಆತು. ಕೂಸಿಗೆ ಕೆಟ್ಟದ್ದಂತ ನೀವ ಅಂದಿದ್ರೆಲ್ಲ."

ನಾನೇ ಅಂದಿದ್ದೆ. ಬಸುರಾದರೆ ತಕ್ಷಣ ಫೋನ್ ಮಾಡು, ಗುಳಿಗೆಯ ಬದಲಿಗೆ ಚುಚ್ಚುಮದ್ದು ಇದೆ ಎಂದು ಹೇಳಿರಲಿಲ್ಲ. ಲೋಹದ ಕವಾಟದ ಮೇಲೆ ಆಕೆ ಬಸುರಾಗುವ ಧೈರ್ಯ ಮಾಡುತ್ತಾಳೆಂದು ನಾನು ಯೋಚಿಸಿಯೇ ಇರಲಿಲ್ಲ.

ಮಕ್ತಲಿನಿಂದ ಆಂಬುಲೆನ್ಸ್ ತರಿಸಿ ಸಂಜೆಯೊಳಗೆ ಹೈದರಾಬಾದ್ ಸೇರಿದೆವು. ದಾರಿಯುದ್ದಕ್ಕೂ ಆಕೆಯನ್ನು ನನ್ನ ಭುಜಕ್ಕೆ ಒರಗಿಸಿ ಕೂರಿಸಿಕೊಂಡಿದ್ದೆ. ಈ ಸಲ ನಿದ್ದೆ ಬರಿಸುವಂತಿರಲಿಲ್ಲ. ಗಂಟಲಿಗೆ ಮರಗಟ್ಟಿಸುವ ಔಷಧಿ ಸಿಂಪಡಿಸಿ, ಎಚ್ಚರವಿದ್ದಂತೆಯೇ ಕೊಳವೆ ಇಳಿಸಿದೆ. ಆಕೆಯ ಕಣ್ಣಿಂದ ನೀರು ಸುರಿಯುತ್ತಿತ್ತು. ಕೈ ನನ್ನ ಮುಂಗೈಯನ್ನು ಹಿಡಿದಿತ್ತು. ಪರದೆಯ ಮೇಲೆ ಕವಾಟದ ಎರಡು ಎಲೆಗಳಲ್ಲಿ ಒಂದು ಅಲುಗುತ್ತಿರಲಿಲ್ಲ.

ಹೆಪ್ಪು ಕರಗಿಸುವ ಔಷಧಿ ಹನಿಹನಿಯಾಗಿ ಕೊಟ್ಟರು. ಮರುದಿನ ಎಲೆ ಅಲುಗತೊಡಗಿತು. ಅದರ ಮರುದಿನ ಆಕೆಗೆ ರಕ್ತಸ್ರಾವ ಶುರುವಾಗಿ ಬಸಿರು ಇಳಿದುಹೋಯಿತು. ಆಕೆ ಉಳಿದಳು.

ನಾಲ್ಕೈದು ದಿನದ ಮೇಲೆ ವಾರ್ಡಿನಲ್ಲಿ ಆಕೆಯ ಪಕ್ಕ ಕೂತಿದ್ದೆ. ಗಂಡ ಊಟ ತರಲು ಹೋಗಿದ್ದ.

"ಅಕ್ಕಾರ," ಎಂದಳು. "ಅವತ್ತು ನಾ ಹೇಳಿದ್ದು ದೊಡ್ಡ ಡಾಕ್ಟರ್‌ಗೆ ಹೇಳಿದ್ರೇನ್ರಿ?"

ಸುಳ್ಳು ಹೇಳಬಹುದಿತ್ತು. "ಇಲ್ಲವ್ವಾ," ಎಂದೆ. "ಹೇಳಲಿಲ್ಲ."

"ಹೇಳಿದ್ರ ಬ್ಯಾರೇದು ಹಾಕ್ತಿದ್ರೇನ್ರಿ?"

"ಹಾಕ್ತಿದ್ರೋ ಏನೋ. ನನಗ ಗೊತ್ತಿಲ್ಲ."

"ನಾ ನಿದ್ದ್ಯಾಗ ಇದ್ದೆ. ನೀವು ಎಚ್ಚರ ಇದ್ರಿ," ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದಳು.

ಆ ವಾರವೇ ಶಸ್ತ್ರವೈದ್ಯರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೇಳಿದ್ದರೆ ಅಂಗಾಂಶದ್ದೇ ಹಾಕುತ್ತಿದ್ದೆ," ಎಂದರು. ನಂತರ ನನ್ನ ಮುಖ ನೋಡಿ, "ನಾನೂ ಕೇಳಬೇಕಿತ್ತು. ಮದುವೆಯಾದ ಹುಡುಗಿ ಎಂದು ಕಾಗದದಲ್ಲಿ ಬರೆದೇ ಇತ್ತಲ್ಲ," ಎಂದರು. ಅವರು ನನ್ನ ಭಾರ ಇಳಿಸಲೆಂದೇ ಹಾಗೆ ಹೇಳಿರಬೇಕು. ಅದು ಇಳಿಯಲಿಲ್ಲ.

ಆ ಶಸ್ತ್ರಚಿಕಿತ್ಸೆಯ ಚಿತ್ರಗಳನ್ನು ನಾನು ಆಮೇಲೆ ಎಷ್ಟೋ ಸಲ ತೆಗೆದು ನೋಡಿದ್ದೇನೆ. ಸೋರಿಕೆ ನಿಜವಾಗಿಯೂ ಇತ್ತು, ಬಿಡುವಂಥದ್ದಾಗಿರಲಿಲ್ಲ. ಅಳತೆಯಲ್ಲಿ ನಾನು ತಪ್ಪಿರಲಿಲ್ಲ. ಈಗ ಪ್ರತಿ ಶಸ್ತ್ರಚಿಕಿತ್ಸೆಯ ಹಿಂದಿನ ದಿನ ರೋಗಿಯ ಹತ್ತಿರ ಕೂತಾಗ, ರಿಪೇರಿ ಕೆಟ್ಟರೆ ಯಾವುದು ಬೇಕು ಎಂದು ಕೇಳುತ್ತೇನೆ, ಅವರು ಹೇಳಿದ್ದನ್ನು ಅವರೆದುರೇ ಕಾಗದದ ಮೇಲೆ ಬರೆಯುತ್ತೇನೆ, ಹೃದಯ ನಿಲ್ಲಿಸುವ ಮೊದಲು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದುತ್ತೇನೆ. ಕೆಲವರು ಬೇಸರಪಟ್ಟುಕೊಳ್ಳುತ್ತಾರೆ. ಪಟ್ಟುಕೊಳ್ಳಲಿ.

ಆಕೆ ಮತ್ತೆ ಬಸುರಾಗಲಿಲ್ಲ. ಗಂಡ ಇನ್ನೊಂದು ಮದುವೆಯ ಮಾತು ಎತ್ತಿದವರನ್ನು ಬೈದು ಕಳಿಸಿದನಂತೆ. ಈಗಲೂ ತಿಂಗಳಿಗೊಮ್ಮೆ ಅವರಿಬ್ಬರೂ ಗದ್ವಾಲಕ್ಕೆ ಹೋಗುತ್ತಾರೆ. ಅವನು ಲ್ಯಾಬಿನ ಹೊರಗೆ ನಿಂತು ನನಗೆ ಫೋನ್ ಮಾಡಿ ಅಂಕಿ ಓದುತ್ತಾನೆ, ಗುಳಿಗೆ ಎಷ್ಟು ಎಂದು ನಾನು ಹೇಳುತ್ತೇನೆ. "ಆಕಿ ಬಾಜೂನ ಅದಾಳ್ರಿ," ಎನ್ನುತ್ತಾನೆ. ಒಂದೆರಡು ಸಲ ಫೋನನ್ನು ಆಕೆಯ ಕೈಗೆ ಕೊಡಲು ನೋಡಿದ್ದಾನೆ. ಆಕೆ ತೆಗೆದುಕೊಂಡಿಲ್ಲ.