ಕುಬುಸದ ದಿನ ಮುರಿದ ಕಾಲು

ಲಟಕ್ ಅಂತು. ನನ್ನ ಕಿವಿಗೆ ಮಾತ್ರ ಕೇಳಿಸಿತು.

ಹರಿಹರದಲ್ಲಿ ನನ್ನ ನಾದಿನಿ ಗಿರಿಜಾಳ ಮನೆ. ಅಡುಗೆಮನೆಯಿಂದ ಹಿತ್ತಲಿಗೆ ಇಳಿಯೋಕೆ ಒಂದೇ ಒಂದು ಮೆಟ್ಟಿಲು. ಮದುವೆಯಾಗಿ ಬಂದಾಗಿನಿಂದ ಕಣ್ಣು ಮುಚ್ಚಿಕೊಂಡು ಇಳಿದಿದ್ದೇನೆ. ಅವತ್ತು ಯಾರೋ ಪಾತ್ರೆ ತೊಳೆದ ನೀರು ಅಲ್ಲೇ ಚೆಲ್ಲಿದ್ದರು. ಬಲಪಾದ ಒಳಗೆ ಮಡಚಿಕೊಂಡಿತು, ಅದರ ಮೇಲೆ ನಾನು ಪೂರ್ತಿ ಕೂತೆ. ನನ್ನ ತೂಕದ ವಿಷಯ ಇಲ್ಲಿ ಬೇಡ.

ಅವತ್ತು ಗಿರಿಜಾಳ ಮಗಳು ರೇಖಾಳ ಕುಬುಸ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಕುಬುಸ ತೊಡಿಸಿ, ಕೈತುಂಬ ಹಸಿರು ಬಳೆ ಇಡಿಸಿ ಉಡಿ ತುಂಬುವ ಶಾಸ್ತ್ರ. ಆ ಕುಬುಸ ಹೊಲಿದವಳು ನಾನೇ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಕಾಲಲ್ಲಿ ತುಳಿಯುವ ಮಷಿನ್ನು. ಬಲಗಾಲೇ ನನ್ನ ಅನ್ನ.

ಬಿದ್ದ ಕೂಡಲೇ ಎಲ್ಲರೂ ಓಡಿ ಬಂದರು. ರೇಖಾ ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತು, "ಅತ್ತೆ, ಏನಾತು?" ಅಂದಳು. ಬಳೆ ಇಡಿಸಿಕೊಳ್ಳೋಕೆ ಕೂರಬೇಕಾದ ಹುಡುಗಿ. ಅವಳ ಎದುರಿಗೆ "ಮುರೀತು" ಅನ್ನೋ ಮಾತು ಬಾಯಲ್ಲಿ ಹೇಗೆ ತರೋದು? ನಮ್ಮಲ್ಲಿ ಅಂಥ ದಿನ ಬಳೆ ಒಡೆದರೂ ಒಡೀತು ಅನ್ನಲ್ಲ, ಹೆಚ್ಚಿತು ಅಂತೀವಿ.

"ಏನಿಲ್ಲವ್ವ, ಉಳುಕೈತೆ ಅಷ್ಟೆ" ಅಂದುಬಿಟ್ಟೆ.

ಉಳುಕು ಅಂದಮೇಲೆ ಗಿರಿಜಾ ಸುಮ್ಮನಿರುತ್ತಾಳಾ! ಅವಳು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಸೊಂಟ ಹಿಡಿದವರಿಗೆ, ಕಾಲು ಉಳುಕಿದವರಿಗೆ ಪಾದ ತಾಗಿಸಿ ನೀವಿದರೆ ಬಿಡುತ್ತೆ ಅಂತ ನಮ್ಮ ಕಡೆ ನಂಬಿಕೆ. ಬೆಳಿಗ್ಗೆ ಅವಳ ಮನೆ ಕಟ್ಟೆಯ ಮೇಲೆ ಯಾರಾದರೊಬ್ಬರು ಸೊಂಟ ಹಿಡಿದುಕೊಂಡು ಕೂತೇ ಇರ್ತಾರೆ. ಕಡರನಾಯಕನಹಳ್ಳಿಯಿಂದಲೂ ಬರ್ತಾರೆ. ಒಬ್ಬರ ಹತ್ತಿರಾನೂ ಏನೂ ತಗೊಳ್ಳಲ್ಲ. ಮೇಲೆ ಚಹಾ ಬೇರೆ ಕೊಟ್ಟು ಕಳಿಸ್ತಾಳೆ.

"ಕಾಲು ಚಾಚ್ರಿ ಅತ್ತಿಗೆ, ಈಗ ಬಿಡಿಸ್ತೀನಿ" ಅಂದಳು. ಚಾಚಿದೆ. ಅವಳು ಎಣ್ಣೆ ಹಚ್ಚಿ, ತನ್ನ ಪಾದ ತಾಗಿಸಿ, ಹಿಮ್ಮಡಿ ಹಿಡಿದು ಎಳೆದಳು. ನನಗೆ ಕಣ್ಣು ಕತ್ತಲೆ ಬಂತು. ಪಕ್ಕದಲ್ಲಿ ನಿಂತಿದ್ದ ನಮ್ಮ ಯಜಮಾನರು, "ಇನ್ನೊಂದ್ಸಲ ಎಳಿಯವ್ವ, ಬಿಡ್ತೈತೆ" ಅಂದರು. ಇನ್ನೊಂದು ಸಲ ಎಳೆದಳು. ಅರಿಶಿನ ಸುಣ್ಣ ಕಲಸಿ ಹಚ್ಚಿದರು. ನಾನು ಗೋಡೆಗೆ ಒರಗಿ ಕೂತು, ಹಲ್ಲು ಕಚ್ಚಿಕೊಂಡು, ಸೋಬಾನೆಗೂ ದನಿಗೂಡಿಸಿದೆ. ಹೋಳಿಗೆಯನ್ನೂ ಬಿಡಲಿಲ್ಲ.

ಮರುದಿನ ದಾವಣಗೆರೆಯಲ್ಲಿ ಎಕ್ಸ್-ರೇ ತೆಗೆಸಿದೆವು. ಪಾದ ಅಷ್ಟೊತ್ತಿಗೆ ಕುಂಬಳಕಾಯಿ ಆಗಿತ್ತು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು.

"ಆ್ಯಂಕಲ್ ಫ್ರಾಕ್ಚರ್. ಎರಡೂ ಕಡೆ. ಪ್ಲೇಟ್ ಹಾಕಬೇಕು."

ನನ್ನ ತಲೆಯೊಳಗೆ ಮೊದಲು ಬಂದದ್ದು ಮಷಿನ್ನು. ಮುಂದೆ ಪೂರ್ತಿ ಲಗ್ನದ ಸೀಜನ್ನು.

"ಯಾರಾದ್ರೂ ಎಳೆದ್ರಾ ಇದನ್ನ?" ಡಾಕ್ಟರು ಕೇಳಿದರು. ನಾನು ಬಾಯಿ ಬಿಡುವ ಮುಂಚೆ ಇವರು, "ನಮ್ಮ ತಂಗಿ" ಅಂದರು. ಡಾಕ್ಟರು ನಿಧಾನಕ್ಕೆ ಹೇಳಿದರು: "ಎಳೆದಿದ್ದಕ್ಕೆ ಸ್ವಲ್ಪ ಜರುಗಿರಬಹುದು. ಎಳೀದಿದ್ರೂ ಆಪರೇಷನ್ ಬೇಕಾಗ್ತಿತ್ತೋ ಏನೋ. ಈಗ ಹೇಳೋಕಾಗಲ್ಲ. ಇನ್ನುಮುಂದೆ ಬಿದ್ದ ಮೇಲೆ ಮೊದಲು ಎಕ್ಸ್-ರೇ, ಆಮೇಲೆ ಮಿಕ್ಕಿದ್ದು."

ಇವರ ಕಿವಿಗೆ ಬಿದ್ದದ್ದು ಮೊದಲಿನ ಅರ್ಧ ಮಾತ್ರ. ಕಾರಿಡಾರಿನಲ್ಲಿ ನಿಂತು ಫೋನಿನಲ್ಲಿ ಕೂಗಾಡಿದ್ದು ವಾರ್ಡಿಗೆಲ್ಲ ಕೇಳಿಸಿತು. "ಕಾಲು ಮುಂದಾಗಿ ಹುಟ್ಟಿದ್ರೆ ಡಾಕ್ಟ್ರಾಗಿಬಿಡ್ತಾರೇನೇ? ಎಳೆದು ಎಳೆದು ಇವಳ ಕಾಲು ಮುರಿದಿಟ್ಟೆಲ್ಲ!"

"ಇನ್ನೊಂದ್ಸಲ ಎಳಿ ಅಂದವರು ಯಾರ್ರೀ?" ಅಂತ ಕೇಳಿದೆ. ಇವರು ಕಿಟಕಿ ಕಡೆ ಮುಖ ಮಾಡಿಕೊಂಡು ನಿಂತರು.

ಗಿರಿಜಾ ಆಸ್ಪತ್ರೆಗೆ ಬರಲಿಲ್ಲ. ಮನೆಗೂ ಬರಲಿಲ್ಲ. ನಾನು ಮಾಡಿದ ಫೋನೂ ಎತ್ತಲಿಲ್ಲ.

ಆಪರೇಷನ್ ಆಗಿ, ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದೆ. ಪಾದ ನೆಲಕ್ಕೆ ತಾಗಿಸುವಂತಿಲ್ಲ. ಪಕ್ಕದ ಮನೆಯ ಶಮೀಮ್ ಅಟ್ಟದಿಂದ ವಾಕರನ್ನೂ ಕಮೋಡ್ ಕುರ್ಚಿಯನ್ನೂ ಇಳಿಸಿ ಒರೆಸಿ ತಂದಳು. ತೀರಿಕೊಂಡ ಅವಳ ಅತ್ತೆಯವು. "ಬ್ಯಾಡ" ಅಂದೆ, ಸಂಕೋಚಕ್ಕೆ. "ಸುಮ್ನೆ ಧೂಳು ತಿಂತಾ ಕುಂತಾವೆ ಅಕ್ಕ. ಬ್ಯಾಡ ಅಂದ್ರೆ ಹೆಂಗೆ? ನಮ್ಮ ಅತ್ತೆ ಭಾಳ ಖುಷಿಪಡ್ತಾರೆ ಬಿಡ್ರಿ" ಅಂದಳು.

ವಾಕರ್ ಹಿಡಿದ ಮೇಲೆ ಗೊತ್ತಾಯಿತು, ಎರಡು ಕೈಯೂ ಅದಕ್ಕೇ ಹೋದವು ಅಂತ. ಒಂದು ಲೋಟ ಚಹಾ ಮಾಡಿಕೊಂಡೆ. ಒಲೆಯ ಹತ್ತಿರ ನಿಂತೇ ಮಾಡಿದೆ, ಒಂಟಿ ಕಾಲಲ್ಲಿ. ಬಿಸಿ ಬಿಸಿ ಚಹಾ ಒಲೆಕಟ್ಟೆಯ ಮೇಲಿದೆ, ಕುರ್ಚಿ ಹಜಾರದಲ್ಲಿದೆ. ಒಯ್ಯೋದು ಹೇಗೆ? ಆಪರೇಷನ್ನಿಗೆ ಅಳದವಳು ಆ ಲೋಟ ನೋಡಿ ಗಳಗಳ ಅತ್ತೆ. ಅತ್ತು ಮುಗಿಸಿ ನಿಂತಲ್ಲೇ ಕುಡಿದೆ. ಆಮೇಲೆ ಮೂಲೆಯಲ್ಲಿದ್ದ ಪರದೆ ಬಟ್ಟೆಯ ತುಂಡು ತಗೊಂಡು ವಾಕರಿಗೆ ಕೈಯಲ್ಲೇ ಒಂದು ಚೀಲ ಹೊಲಿದೆ. ಚಹಾ ಮುಚ್ಚಳದ ಬಾಟಲಿಗೆ, ಬಾಟಲಿ ಚೀಲಕ್ಕೆ. ದರ್ಜಿ ಕೈ ಕಟ್ಟಿ ಕೂತಿರೋಕೆ ಆಗುತ್ತಾ!

ಸ್ನಾನಕ್ಕೂ ಹಾಗೇ. ಹಳೇ ರೇನ್‌ಕೋಟ್ ಕತ್ತರಿಸಿ, ಮೇಲೆ ಎಲಾಸ್ಟಿಕ್ ಹಾಕಿ ಪ್ಲಾಸ್ಟರಿಗೊಂದು ಗವಸು ಮಾಡಿದೆ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಾನು, ಬೋರಲು ಹಾಕಿದ ಬಕೆಟ್ ಮೇಲೆ ನನ್ನ ಕಾಲು. ಇವರು ತಲೆಗೆ ನೀರು ಹಾಕಬೇಕು. ಮೊದಲ ದಿನ ಕಣ್ಣು ಮುಚ್ಚಿಕೊಂಡು ಹಾಕಿ ನನ್ನ ಕಿವಿ ತುಂಬಿಸಿದರು. "ಏನ್ರೀ, ಹೊಸ ಮದುವಣಿಗನಾ?" ಅಂದೆ. ನಗೋಕೆ ಶುರು ಮಾಡಿದವರು ಚೊಂಬು ಕೆಳಗಿಟ್ಟು ಕೂತು ನಕ್ಕರು. ನಮ್ಮದು ಪಾತ್ರೆ ಅಂಗಡಿ. ಜೀವನ ಪೂರ್ತಿ ಪಾತ್ರೆ ಮಾರಿದ ಮನುಷ್ಯನಿಗೆ ಯಾವ ಪಾತ್ರೆಯಲ್ಲಿ ಎಷ್ಟು ಅನ್ನ ಆಗುತ್ತೆ ಅನ್ನೋದೇ ಗೊತ್ತಿರಲಿಲ್ಲ. ಮಾಡಿದ ಅನ್ನ ಶಮೀಮ್ ಮನೆಯ ಕೋಳಿಗಳಿಗೂ ಮಿಕ್ಕಿತು. ಸಾರಿನ ಉಪ್ಪಿನ ಬಗ್ಗೆ ನಾನು ಮಾತಾಡಲಿಲ್ಲ, ಮಾತಾಡಿದರೆ ನಾಳೆ ಯಾರು ಮಾಡ್ತಾರೆ?

ಮಷಿನ್ನಿಗೆ ಧೂಳು ಕೂತಿತ್ತು. ಗಿರಾಕಿಗಳು ಬಂದು, "ಕೂಡ್ರಿ, ಏಳಬ್ಯಾಡ್ರಿ" ಅಂತ ಅಳತೆ ಬ್ಲೌಸು ಇಟ್ಟು ಹೋಗುತ್ತಿದ್ದರು. ಕೆಲವರು ಇಟ್ಟದ್ದನ್ನು ವಾಪಸ್ ತಗೊಂಡು ಹೋದರು. ಅವರದೇನು ತಪ್ಪು, ಮದುವೆ ನಿಲ್ಲುತ್ತಾ? ಕೂತು ಹುಕ್ಕು ಹಾಕಿದೆ, ಕಾಜಾ ಹೊಲಿದೆ. ಎಡಗಾಲಲ್ಲಿ ತುಳಿಯೋಕೆ ನೋಡಿದೆ. ಚಕ್ರ ಹಿಂದಕ್ಕೆ ತಿರುಗಿ ದಾರ ಹರಿಯಿತು.

ಸಿಟ್ಟು ಬರ್ತಿತ್ತು. ಪ್ಲಾಸ್ಟರಿನ ಒಳಗೆ ಕೆರೆತ ಶುರುವಾಗಿ ಕೈ ಹೋಗದೇ ಇದ್ದಾಗ ಗಿರಿಜಾಳ ಮೇಲೂ ಬಂತು. ಎಳೆದದ್ದಕ್ಕಲ್ಲ. ಒಂದು ಸಲ ಬಂದು ಮುಖ ತೋರಿಸಲಿಲ್ಲವಲ್ಲ ಅಂತ. ಅವಳು ಹತ್ತಿರ ಕೂತು ಊರ ಸುದ್ದಿ ಹೇಳಿದ್ದರೆ ನನ್ನ ಅರ್ಧ ನೋವು ಹೋಗುತ್ತಿತ್ತು. ನನ್ನ ಬಾಣಂತನದಲ್ಲಿ ನನಗೂ, ಈಗ ದೂರದೂರಲ್ಲಿರೋ ನನ್ನ ಮಗನಿಗೂ ಎರೆದವಳು ಅವಳು. ಎರಡೂ ಕಾಲು ಜೋಡಿಸಿ ಚಾಚಿ, ಅವುಗಳ ಮೇಲೆ ಕೂಸನ್ನು ಮಲಗಿಸಿಕೊಂಡು ನೀರು ಹಾಕುತ್ತಿದ್ದಳು. ಅಳುತ್ತಿದ್ದ ಕೂಸು ಅವಳ ಕಾಲ ಮೇಲೇ ನಿದ್ದೆ ಹೋಗುತ್ತಿತ್ತು.

ಪ್ಲಾಸ್ಟರ್ ಬಿಚ್ಚಿದ ದಿನ ನನ್ನ ಕಾಲು ನನಗೇ ಗುರುತು ಸಿಗಲಿಲ್ಲ. ಮೀನಖಂಡ ಕರಗಿಹೋಗಿತ್ತು, ಚರ್ಮ ಸುಲಿಯುತ್ತಿತ್ತು. ಇವರು ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಬೆರಳ ಸಂದಿಯೆಲ್ಲ ಒರೆಸಿದರು. ಕೊನೆಗೆ, "ಗಿರಿಜಾಗೆ ಹಂಗೆ ಬೈಬಾರದಿತ್ತು ನಾನು" ಅಂದರು.

"ನನಗೆ ಹೇಳಿದ್ರೆ ಏನು ಬಂತು? ಅವಳಿಗೆ ಹೇಳ್ರಿ."

ಹೇಳಲಿಲ್ಲ. ಗಂಡಸರ ಬಾಯಿಂದ ಆ ಮಾತು ಅಷ್ಟು ಸುಲಭಕ್ಕೆ ಬರುತ್ತಾ?

ಫಿಸಿಯೋಥೆರಪಿ ಶುರುವಾಯಿತು. ವಾಕರ್ ಹೋಗಿ ಕೋಲು ಬಂತು. ಅಷ್ಟರಲ್ಲಿ ರೇಖಾಗೆ ಹೆರಿಗೆಯಾಯಿತು, ಹೆಣ್ಣು ಕೂಸು. ಆಸ್ಪತ್ರೆಯಿಂದ ತವರಿಗೆ ಬಂದ ಮೇಲೆ ಅವಳೇ ಫೋನ್ ಮಾಡಿದಳು. ದನಿ ಸಣ್ಣಗಿತ್ತು.

"ಅತ್ತೆ, ಅಮ್ಮ ಕೂಸಿಗೆ ಎರಿಯಾಕೆ ಒಲ್ಲೆ ಅಂತಾಳೆ. ಬೇರೆ ಯಾರನ್ನೋ ಗೊತ್ತುಮಾಡ್ಯಾಳೆ. ನನ್ನ ಕಾಲು ಸರಿಯಿಲ್ಲ, ಅತ್ತಿಗೆ ಕಾಲು ಮುರಿದ ಕಾಲಿದು, ಕೂಸಿಗೆ ಏನಾರ ಆದ್ರೆ ಅಂತ ಅಳ್ತಾಳೆ. ಕಟ್ಟೆ ಮ್ಯಾಲೆ ಬಂದವರನ್ನೂ ಆಸ್ಪತ್ರಿಗೆ ಹೋಗ್ರಿ ಅಂತ ಕಳಿಸ್ತಾಳೆ."

ಕಟ್ಟೆಯ ಮೇಲಿನವರು ಆಸ್ಪತ್ರೆಗೆ ಹೋಗಲಿ, ಒಳ್ಳೇದೇ. ಆದರೆ ಕೂಸು? ಆ ಕೂಸಿಗಾಗಿ ಅವಳು ಎಷ್ಟು ದಿನದಿಂದ ಹಳೇ ಹತ್ತಿ ಸೀರೆ ಒಗೆದು ಮಡಚಿ ಇಟ್ಟಿದ್ದಳು ಅಂತ ನನಗೆ ಗೊತ್ತು. ಅವಳು ತನ್ನ ಮೊಮ್ಮಗಳನ್ನೇ ಮುಟ್ಟದಂಗೆ ಮಾಡಿದ್ದು ನಾನು ಆಡಿದ ಒಂದು ಸುಳ್ಳು.

"ಆಟೋ ಕರೀರಿ. ಹರಿಹರಕ್ಕೆ ಹೋಗಣ" ಅಂದೆ.

ಇವರು ಕೂಡಲೇ ಆಟೋ ತಂದರು. ದಾರಿಯಲ್ಲಿ ನಮ್ಮ ಅಂಗಡಿಯ ಮುಂದೆ ನಿಲ್ಲಿಸಿ, ಒಳಗೆ ಹೋಗಿ ಕಾಗದದಲ್ಲಿ ಸುತ್ತಿದ್ದು ಏನೋ ತಂದರು. ಹರಿಹರ ಮುಟ್ಟುವವರೆಗೂ ಅದನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು.

ಗಿರಿಜಾ ಬಾಗಿಲಿಗೆ ಬಂದಳು. ಇಳಿದುಹೋಗಿದ್ದಳು. ಕಣ್ಣು ಸೀದಾ ನನ್ನ ಕೋಲಿನ ಮೇಲೆ. "ಬರ್ರಿ ಅತ್ತಿಗೆ" ಅಂದಳು, ನನ್ನ ಮುಖ ನೋಡಲಿಲ್ಲ. ಇವರು ಕಾಗದ ಬಿಚ್ಚಿ ಒಂದು ಹೊಸ ತಾಮ್ರದ ಚೊಂಬು ಅವಳ ಕೈಗಿಟ್ಟರು. "ಕೂಸಿಗೆ ಎರಿಯಾಕೆ ಇರ್ಲಿ ಅಂತ" ಅಂದವರೇ ಹೊರಗೆ ಕಟ್ಟೆಗೆ ಹೋಗಿ ಕೂತರು.

ಹಂಡೆಯಲ್ಲಿ ನೀರು ಕಾದಿತ್ತು. ಎರೆಯುವ ಹೆಂಗಸು ಇನ್ನೂ ಬಂದಿರಲಿಲ್ಲ. ರೇಖಾ ಎಣ್ಣೆ ಹಚ್ಚಿದ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು ನಿಂತಿದ್ದಳು. ನಾನು ಬಚ್ಚಲಿಗೆ ಹೋದೆ. ಗೋಡೆ ಹಿಡಿದುಕೊಂಡು, ನನ್ನ ಫಿಸಿಯೋ ನೋಡಿದ್ದರೆ ಬೈಯುವ ಹಾಗೆ, ಮಣೆಯ ಮೇಲೆ ಕೂತು ಎರಡೂ ಕಾಲು ಚಾಚಿದೆ. ಎಡಗಾಲು ನೆಟ್ಟಗೆ. ಬಲಪಾದ ಹೊರಗೆ ವಾಲಿಕೊಂಡು, ಉದ್ದ ಗಾಯದ ಕಲೆ ಮೇಲೆ ಕಾಣುತ್ತಿತ್ತು.

"ಕೊಡವ್ವ ಕೂಸನ್ನ. ನಾನೇ ಎರೀತೀನಿ."

"ಬ್ಯಾಡ್ರಿ!" ಗಿರಿಜಾ ಓಡಿ ಬಂದಳು. "ನಿಮ್ಮ ಕಾಲು ಕೂಡಲ್ಲ ಅತ್ತಿಗೆ, ನಡುವೆ ಸಂದಿ ಐತೆ. ಕೂಸು ಜಾರ್ತೈತೆ."

"ಹಂಗಾದ್ರೆ ಜಾರದ ಕಾಲು ನೀನು ತಗಂಬಾ."

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು. "ನಿಮ್ಮ ಕಾಲು ಮುರಿದೀನಿ ನಾನು."

"ನೀನಲ್ಲ. ಮೆಟ್ಟಿಲ ಮೇಲೆ ಬಿದ್ದಾಗಲೇ ಲಟಕ್ ಅಂತು. ನೀನು ಮುಟ್ಟೋಕೆ ಮುಂಚೆ. ನನ್ನ ಕಿವೀಲಿ ಕೇಳೀನಿ. ಕುಬುಸದ ದಿನ ಮುರೀತು ಅನ್ನಬಾರದು ಅಂತ ಉಳುಕು ಅಂದೆ. ನಾನು ಸುಳ್ಳು ಹೇಳಿದೆ, ನೀನು ನಂಬಿದೆ. ಅಷ್ಟೇ ನಡೆದಿದ್ದು. ಇದನ್ನ ಹೇಳಾಕೆ ಎಷ್ಟು ಸಲ ಫೋನ್ ಮಾಡಿದೆ ಗೊತ್ತೇನು ನಿನಗೆ? ನಿನ್ನ ಮ್ಯಾಲೆ ಭಾಳ ಸಿಟ್ಟಾಗಿದ್ದೆ. ಯಾಕ ಬರಲಿಲ್ಲ ನೀನು?"

ಗಿರಿಜಾ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ನಾನೂ ಅತ್ತೆ. ರೇಖಾಳ ಕೈಯಲ್ಲಿದ್ದ ಕೂಸು ನಮ್ಮಿಬ್ಬರಿಗಿಂತ ಜೋರಾಗಿ ಶುರು ಮಾಡಿತು. "ಅಳೋದು ಆಮೇಲೆ ಅತ್ತರಾತು, ಇದಕ್ಕೆ ಚಳಿ ಆಗ್ತೈತೆ" ಅಂದಳು ರೇಖಾ.

ಗಿರಿಜಾ ಸೀರೆ ಮೇಲೆ ಕಟ್ಟಿದಳು. ನಾನು ಗೋಡೆಯ ಕಡೆ ಸರಿದು ಜಾಗ ಮಾಡಿದೆ. ಅವಳು ಕೂತು, ಕಾಲು ಜೋಡಿಸಿ ಚಾಚಿ, ಕೂಸನ್ನು ಮಲಗಿಸಿಕೊಂಡಳು. ತಾಮ್ರದ ಚೊಂಬಿನಲ್ಲಿ ನೀರು ತುಂಬಿ ಕೊಡೋದು ನನ್ನ ಕೆಲಸ. ಮೊದಲ ನೀರನ್ನು ಹನಿ ಹನಿಯಾಗಿ ಹಾಕಿದಳು. ಬೆನ್ನಿಗೆ ಬರುವ ಹೊತ್ತಿಗೆ ಚೊಂಬು ಪೂರ್ತಿ ಬಗ್ಗಿಸಿದಳು. ಕೂಸು ಅಳು ನಿಲ್ಲಿಸಿ ಬಾಯಿ ಚಪ್ಪರಿಸಿತು.

ನನ್ನ ಕಾಲಿಗೆ ಈಗಲೂ ಸಂಜೆಗೆ ಬಾವು ಬರುತ್ತೆ. ಒಳಗಿನ ಪ್ಲೇಟು ಒಳಗೇ ಇದೆ. ಮಷಿನ್ನನ್ನು ಸ್ವಲ್ಪ ಹೊತ್ತು ತುಳೀತೀನಿ, ನಿಲ್ಲಿಸ್ತೀನಿ, ಮತ್ತೆ ತುಳೀತೀನಿ. ಮೊದಲಿನ ಹಾಗೆ ಆಗುತ್ತೋ ಇಲ್ಲವೋ, ಡಾಕ್ಟರೂ ಹೇಳಲ್ಲ, ನಾನೂ ಕೇಳಲ್ಲ. ಇಷ್ಟಾಗಿದೆಯಲ್ಲ, ಸಾಕು.

ಅವತ್ತು ಕೂಸನ್ನು ಒರೆಸಿ ರೇಖಾ ಒಳಗೆ ಒಯ್ದ ಮೇಲೆ ನಾನು ಏಳೋಕೆ ನೋಡಿದೆ. ಆಗಲಿಲ್ಲ. ಗೋಡೆ ಒದ್ದೆ, ನೆಲ ಒದ್ದೆ. ಗಿರಿಜಾ ಎದ್ದು ನಿಂತು ಎರಡೂ ಕೈ ಮುಂದೆ ಮಾಡಿದಳು. ಮಾಡಿದವಳು ಅರ್ಧಕ್ಕೇ ನಿಲ್ಲಿಸಿದಳು.

"ಎಳೀಲೇನ್ರಿ ಅತ್ತಿಗೆ?"

"ಎಳಿಯವ್ವ."

ಎಳೆದಳು. ನಾನು ಎದ್ದು ನಿಂತೆ. ಅವಳು ಕಿವಿಗೊಟ್ಟು ಕೇಳುತ್ತಿದ್ದಳು, ನಾನೂ ಕೇಳುತ್ತಿದ್ದೆ. ಯಾವ ಶಬ್ದವೂ ಬರಲಿಲ್ಲ.