ಅದೇ ಮೆಟ್ಟಿಲು, ಅದೇ ಹುಡುಗ

ನಮ್ಮ ಮನೆಯ ಟೀವಿಯಲ್ಲಿ ಒಬ್ಬ ಹುಡುಗ ಬಹಳ ವರ್ಷಗಳಿಂದ ಅದೇ ಮೆಟ್ಟಿಲಿನ ಮೇಲಿಂದ ಬೀಳುತ್ತಿದ್ದಾನೆ. ನಾಲ್ಕು ಗಾಲಿಯ ಹಲಗೆಯ ಮೇಲೆ ನಿಂತು ರೊಯ್ಯನೆ ಬರುತ್ತಾನೆ, ಮೆಟ್ಟಿಲ ಪಕ್ಕದ ಕಬ್ಬಿಣದ ಕಂಬಿಯ ಮೇಲೆ ಹಾರುತ್ತಾನೆ, ಅರ್ಧ ಜಾರುವುದರೊಳಗೆ ತೋಲ ತಪ್ಪಿ ಕೈಕಾಲು ಚೆಲ್ಲಿ ಬೀಳುತ್ತಾನೆ. ಅವನು ಬಿದ್ದಾಗಲೆಲ್ಲ ಮೂಲೆಯ ಕುರ್ಚಿಯಲ್ಲಿ ಜಪಮಾಲೆ ಹಿಡಿದು ಕೂತ ನಮ್ಮ ಅತ್ತೆ "ಬಿದ್ದಾ ನೋಡ" ಎನ್ನುತ್ತಾರೆ. ಹುಡುಗ ಎದ್ದು ಮತ್ತೆ ಮೆಟ್ಟಿಲ ತುದಿಯಲ್ಲಿ ನಿಲ್ಲುತ್ತಾನೆ. ಅವನಿಗೆ ಗಾಯವೂ ಆಗುವುದಿಲ್ಲ, ವಯಸ್ಸೂ ಆಗುವುದಿಲ್ಲ. ಅವನನ್ನು ಆಡಿಸುವ ನಮ್ಮ ಯಜಮಾನರಿಗೆ ಮಾತ್ರ ಐವತ್ತಾರು ತುಂಬಿದೆ.

ಸೊಲ್ಲಾಪುರದ ನವಿ ಪೇಠದಲ್ಲಿ ಚಾದರು, ಟವೆಲ್ಲು ಮಾರುವ ಗೃಹಸ್ಥರು ಸಂಜೆ ಮನೆಗೆ ಬಂದು ಅಂಗಿ ಬಿಚ್ಚಿ ವಿಡಿಯೋ ಗೇಮ್ ಆಡುತ್ತಾರೆಂದರೆ ಬೀಗರ ಮುಂದೆ ಮರ್ಯಾದೆ ಉಳಿದೀತೆ? ಅದಕ್ಕೇ ನಾನು ಇದನ್ನು ಹೊರಗೆ ಬಾಯಿಬಿಟ್ಟಿರಲಿಲ್ಲ. ಆದರೆ ಅವರ ತಪ್ಪೂ ಇಲ್ಲ. ಚಿಕ್ಕವರಿದ್ದಾಗ ಅವರ ಓಣಿಯ ಹುಡುಗರೆಲ್ಲ ಪವರ್‌ಲೂಮಿನವರು ಎಸೆದ ಹಳೆಯ ಬೇರಿಂಗುಗಳನ್ನು ಹಲಗೆಗೆ ಜೋಡಿಸಿ ಗಾಡಿ ಮಾಡಿ, ಇಳಿಜಾರಿನಲ್ಲಿ ಕರಕರ ಸದ್ದು ಮಾಡುತ್ತ ಬಿಡುತ್ತಿದ್ದರಂತೆ. ಮೊಣಕಾಲಿನಲ್ಲಿ ಅದರ ಗುರುತು ಇನ್ನೂ ಇದೆ. ಮುಂದೆ ಎಷ್ಟೋ ವರ್ಷಗಳ ಮೇಲೆ ಒಂದು ಅಂಗಡಿಯ ಗಾಜಿನೊಳಗೆ, ಹಲಗೆಯ ಮೇಲೆ ಹಾರುವ ಹುಡುಗನ ಚಿತ್ರವಿದ್ದ ಡಬ್ಬಿ ಕಂಡು ಹಾಗೇ ನಿಂತುಬಿಟ್ಟರಂತೆ. ಅಂದಿನಿಂದ ಆ ಆಟದ ಹೊಸ ಆವೃತ್ತಿ ಬಂದಾಗಲೆಲ್ಲ ನಮ್ಮ ಮನೆಗೂ ಬರುತ್ತದೆ. ಈಗ ಮಗಳು ಪುಣೆಯಿಂದ ತಂದುಕೊಡುತ್ತಾಳೆ.

ನನಗೆ ಆ ಆಟದ ಮೇಲೆ ಪ್ರೀತಿ ಇದೆಯೇ ಎಂದರೆ, ಇಲ್ಲ. ನನಗೆ ಬೇಕಾದದ್ದು ಅದರ ಜೊತೆ ಬರುವ ಮಾತು. ನಮ್ಮವರು ಅಂಗಡಿಯಲ್ಲಿ ಇಡೀ ದಿನ ಮರಾಠಿಯಲ್ಲಿ ಮಾತಾಡಿ ಮಾತಾಡಿ, ಮನೆಗೆ ಬರುವಷ್ಟರಲ್ಲಿ ಬಾಯಿಗೂ ಶಟರ್ ಎಳೆದುಕೊಂಡಿರುತ್ತಾರೆ. ಆಟಕ್ಕೆ ಕೂತಾಗ ಮಾತ್ರ ಅದು ಅರ್ಧ ಮೇಲೇರುತ್ತದೆ. ಕಣ್ಣು ಟೀವಿಯ ಮೇಲೆ, ಬೆರಳು ಗುಂಡಿಗಳ ಮೇಲೆ, ಬಾಯಿ ತನ್ನಷ್ಟಕ್ಕೆ ತಾನು ಕನ್ನಡದಲ್ಲಿ ಹರಿಯುತ್ತಿರುತ್ತದೆ. ಪಕ್ಕದಲ್ಲಿ ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತ ನಾನು ಹೂಂಗುಟ್ಟುತ್ತೇನೆ. ಮಗಳ ಮದುವೆಯ ಮಾತು, ಮಾವನವರ ಕೊನೆಯ ದಿನಗಳ ಮಾತು, ಎಲ್ಲ ಆ ಹುಡುಗ ಬಿದ್ದು ಏಳುತ್ತಿದ್ದಾಗಲೇ ಆಗಿವೆ.

ಈ ದೀಪಾವಳಿಗೆ ಹೊಸ ಆವೃತ್ತಿ ಬಂತು. ನಾಲ್ಕು ದಿನ ಆಡಿದರು. ಐದನೆಯ ದಿನ ಕಂಟ್ರೋಲರ್ ಕೆಳಗಿಟ್ಟು, "ಅದೇ ಅದ. ಟೊಪಗಿ ಬದಲಿ ಮಾಡ್ಯಾರ, ಅಷ್ಟ," ಎಂದರು. ನೋಡಿದರೆ ಮಾತೂ ಸುಳ್ಳಲ್ಲ. ಅದೇ ಮೆಟ್ಟಿಲು, ಅದೇ ಕಂಬಿ, ಅದೇ ಖಾಲಿ ಸಾಲೆಯ ಅಂಗಳ. ಬಿಸಿಲು ಮಾತ್ರ ಸ್ವಲ್ಪ ಹೆಚ್ಚು ಹೊಳೆಯುತ್ತಿತ್ತು. ಚಾದರಿನ ವ್ಯಾಪಾರಿಗೆ ಈ ಮರ್ಮ ಯಾರೂ ಹೇಳಿಕೊಡಬೇಕಿಲ್ಲ. ಹಳೆಯ ನವಿಲಿನ ಚಿತ್ತಾರಕ್ಕೆ ಹೊಸ ಅಂಚು ಹಚ್ಚಿ, ತಾಜಾ ಮಾಲು ಎಂದು ಗಾಜಿನ ಕಪಾಟಿನಲ್ಲಿಡುವುದು ಅವರ ಮನೆತನದ ವಿದ್ಯೆ. ತಮ್ಮ ಧಂದೆಯನ್ನು ಆಟದ ಕಂಪನಿಯವರು ತಮ್ಮ ಮೇಲೆಯೇ ಮಾಡಿದರಲ್ಲ ಎಂಬ ಸಿಟ್ಟಿರಬೇಕು ಎಂದುಕೊಂಡೆ. ಆದರೆ ಅಂದಿನಿಂದ ಅವರು ಆಡಲಿಲ್ಲ. ಉಂಡು ಕೈತೊಳೆದು ಸುಮ್ಮನೆ ಕೂಡತೊಡಗಿದರು. "ಆ ಹುಡುಗ ಎಲ್ಲಿ ಹೋದ?" ಎಂದು ಅತ್ತೆ ದಿನಾ ಕೇಳತೊಡಗಿದರು.

ನಾನು ಮೊದಲೇ ಚಿಂತೆಯ ಹೆಂಗಸು. ಹಾಲು ಉಕ್ಕದಿದ್ದರೂ ಯಾಕೆ ಉಕ್ಕಲಿಲ್ಲ ಎಂದು ಚಿಂತಿಸುವವಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ಹಾಗೆ 'ಅದೇ ಅದ' ಎಂದು ಅವರು ಟೀವಿಗೆ ಅಂದದ್ದನ್ನು ನಾನು ನನಗೇ ಹಚ್ಚಿಕೊಂಡೆ. ನಾನೂ ಆ ಕಂಪನಿಯವರ ಹಾಗೆ ದೀಪಾವಳಿಗೊಮ್ಮೆ ಸೀರೆ ಬದಲಿಸಿ ಅದೇ ಮೆಟ್ಟಿಲು ತೋರಿಸುತ್ತ ಬಂದವಳಲ್ಲವೇ? ಅದೇ ಶೇಂಗಾ ಚಟ್ನಿ, ಅದೇ ಹೂಂಗುಟ್ಟುವಿಕೆ, ಅತ್ತೆಯ ಕಾಲುನೋವಿನ ಅದೇ ವರದಿ. ಇವತ್ತು ಆಟ ಬೇಸರವಾಯಿತು, ನಾಳೆ?

ಈ ಹಳತಾಗುವುದು ಎಂಬುದನ್ನು ಕುರಿತು ನಾನು ಬಹಳ ಯೋಚಿಸಿದೆ. ಎಲ್ಲವೂ ಹಳತಾಗುವುದಿಲ್ಲ. ನನ್ನ ತವರು ಅಕ್ಕಲಕೋಟೆಯ ಗುಡಿಯಲ್ಲಿ ನಾನು ಹುಟ್ಟುವ ಮೊದಲಿನಿಂದ ಅದೇ ಆರತಿ ನಡೆದಿದೆ, ಈ ವರ್ಷ ಹೊಸ ಆವೃತ್ತಿ ತೆಗೆಯಿರಿ ಎಂದು ಒಬ್ಬ ಭಕ್ತನೂ ತಕರಾರು ಮಾಡಿಲ್ಲ. ನಮ್ಮ ಜೋಳದ ಕಡಕ್ ಭಾಕರಿಗಂತೂ ಹಳತಾಗುವುದೇ ಯೋಗ್ಯತೆ, ವಾರ ಕಳೆದಷ್ಟೂ ಅದರ ಕುರುಕು ಹೆಚ್ಚು. ಪುರಾಣ ಹೇಳುವವರು ಕಥೆ ಬದಲಿಸುವುದಿಲ್ಲ, ನಾವೂ ಕೊನೆ ಗೊತ್ತಿದ್ದೇ ಅಳುತ್ತೇವೆ. ಇಷ್ಟೆಲ್ಲ ಸಮಾಧಾನ ಮಾಡಿಕೊಂಡರೂ, ನಾನು ಆರತಿಯೂ ಅಲ್ಲ ಭಾಕರಿಯೂ ಅಲ್ಲ ಎಂಬ ಮಾತು ಕೊನೆಗೆ ಬಂದು ಅಡ್ಡ ನಿಲ್ಲುತ್ತಿತ್ತು.

ಸರಿ, ನನ್ನದೇ ಒಂದು ಹೊಸ ಆವೃತ್ತಿ ತೆಗೆದೆ. ಬೈತಲೆ ಪಕ್ಕಕ್ಕೆ ತೆಗೆದೆ. ಕಿಟಕಿಯ ಪರದೆ ಬದಲಿಸಿದೆ. ಶೇಂಗಾ ಬಿಟ್ಟು ಪುಟಾಣಿಯ, ಅಂದರೆ ಹುರಿಗಡಲೆಯ, ಚಟ್ನಿ ಕುಟ್ಟಿದೆ. ನಮ್ಮವರು ಭಾಕರಿಗೆ ಹಚ್ಚಿಕೊಂಡು ಉಂಡು, ಸ್ವಲ್ಪ ಹೊತ್ತು ಬಿಟ್ಟು ಶೇಂಗಾ ಮುಗಿದಿವೆಯೇ ಎಂದು ಕೇಳಿದರು. ಬೈತಲೆ ಅವರ ಕಣ್ಣಿಗೆ ಬೀಳಲೇ ಇಲ್ಲ. ಅತ್ತೆಯ ಕಣ್ಣಿಗೆ ಬಿತ್ತು, ತಲೆನೋವೇನು ಎಂದು ವಿಚಾರಿಸಿದರು.

ಮನೆಯಲ್ಲಿ ಕೂತರೆ ತಲೆ ಕೆಡುತ್ತದೆಂದು ಒಂದು ಮಧ್ಯಾಹ್ನ ಬುತ್ತಿಯ ನೆಪ ಮಾಡಿ ಅಂಗಡಿಗೆ ಹೋದೆ. ಬೋರಾಮಣಿಯ ಹೆಣ್ಣುಮಗಳೊಬ್ಬರು ಗಂಡನ ಜೊತೆ ಬಂದಿದ್ದರು. ಹೊಸದೇನು ಬಂದಿದೆ ಎಲ್ಲ ತೋರಿಸಿ ಎಂದರು. ನಮ್ಮವರು ಗಾದಿಯ ತುಂಬ ಚಾದರು ಹಾಸಿಸಿದರು. ಆಕೆ ಎಲ್ಲವನ್ನೂ ಮುಟ್ಟಿ ನೋಡಿ, "ಅದೇ ನವಿಲಿಂದ ಕೊಡ್ರಿ. ಮನ್ಯಾಗ ಎಲ್ಲಾರಿಗೂ ಅದರದ ರೂಢಿ ಆಗ್ಯದ," ಎಂದು ಹಳೆಯದನ್ನೇ ಒಯ್ದರು. ನನ್ನ ಜೀವಕ್ಕೆ ಎಷ್ಟು ತಂಪಾಯಿತೆಂದರೆ, ಆಕೆಯನ್ನು ಕರೆದು ಚಹಾ ಕುಡಿಸೋಣ ಎನಿಸಿತು.

ಆ ಖುಷಿಯಲ್ಲಿ ಒಂದು ಸಂಗತಿ ಕಂಡೂ ಕಾಣಲಿಲ್ಲ. ಹಾಸಿದ ಚಾದರುಗಳನ್ನು ಮಡಚಿದ್ದು ಕೆಲಸದವರು. ನಮ್ಮವರ ಮಡಿಕೆ ಎಂದರೆ ಪೇಠದಲ್ಲೇ ಹೆಸರಾದದ್ದು, ಒಂದು ಝಾಡಿಸಿ ಎರಡು ಸಲ ತಿರುವಿದರೆ ಇಸ್ತ್ರಿ ಮಾಡಿದ ಹಾಗೆ ಕೂಡುತ್ತಿತ್ತು. ಅದನ್ನು ಅವರು ಇನ್ನೊಬ್ಬರ ಕೈಗೆ ಕೊಟ್ಟದ್ದನ್ನು ನಾನು ಎಂದೂ ನೋಡಿರಲಿಲ್ಲ. ಅಂದು ಅವರ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ದೀಪದ ಬುಡದಲ್ಲಿ ಕತ್ತಲು ಎನ್ನುತ್ತಾರಲ್ಲ, ಊರ ಚಿಂತೆಯೆಲ್ಲ ಹೊತ್ತು ತಿರುಗುವವಳಿಗೆ ಅದು ಹೊಳೆಯಲಿಲ್ಲ.

ಮುಂದಿನ ವಾರ ಅಕ್ಕಲಕೋಟೆಯಲ್ಲಿ ನನ್ನ ತಮ್ಮನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಬಸ್ಸಿನಲ್ಲಿ ಪಕ್ಕಪಕ್ಕ ಕೂತೆವು. ಕುಂಭಾರಿ ದಾಟುವತನಕ ಅವರು ಕಿಟಕಿಯಾಚೆ ಜೋಳ ನೋಡಿದರು, ನಾನು ಅವರನ್ನು ನೋಡಿದೆ. ಕೊನೆಗೆ ತಡೆಯಲಾಗಲಿಲ್ಲ.

"ಆಟ ಬಿಟ್ಟೀರಿ, ಮಾತೂ ಬಿಟ್ಟೀರಿ. ನಾನೂ ಹಳೇಕಿ ಆಗೀನೇನು? ನನಗ ಅಂಜಿಕಿ ಆಗಾಕತ್ತದ," ಎಂದೆ.

ಅವರು ಬಲಗೈಯನ್ನು ಹಾಗೇ ನನ್ನ ಮಡಿಲಲ್ಲಿಟ್ಟರು. ಹೆಬ್ಬೆರಳು ಮಡಚು ನೋಡೋಣ ಎಂದು ತಮಗೇ ಹೇಳಿಕೊಂಡವರಂತೆ ಪ್ರಯತ್ನಿಸಿದರು. ಅದು ಅಲುಗಿತು, ಮಡಚಲಿಲ್ಲ.

"ಬೆರಳು ಮಾತು ಕೇಳವಲ್ದು. ಗುಂಡಿ ಒತ್ತೂದರಾಗ ಹುಡುಗ ಬಿದ್ದಿರ್ತಾನ. ಆಟ ಹಳೇದಾತು ಅಂದ್ರ ಯಾರೂ ಏನೂ ಕೇಳಂಗಿಲ್ಲ. ನಾ ಹಳೇವ ಆದೆ ಅಂತ ನಿನಗ ಹ್ಯಾಂಗ ಹೇಳ್ಲಿ?"

ನನಗೆ ಅಳು ಬಂತು, ಸಿಟ್ಟೂ ಬಂತು. ಇಷ್ಟು ದಿನ ತಪ್ಪು ಚಿಂತೆ ಮಾಡುತ್ತ ಕೂತಿದ್ದೆನಲ್ಲ ಎಂದು ನಾಚಿಕೆಯೂ ಆಯಿತು. ಪಾಪ, ಆ ಕಂಪನಿಯವರು ಎಲ್ಲಿದ್ದಾರೋ ಏನೋ, ಹೊಸದನ್ನು ಕೊಡದ ತಪ್ಪು ಅವರದಿರಬಹುದು. ನಮ್ಮ ಹೆಬ್ಬೆರಳಿನ ತಪ್ಪನ್ನೂ ಅವರ ತಲೆಗೇ ಕಟ್ಟಿದ್ದೆವು. ತೊಟ್ಟಿಲಿನಲ್ಲಿ ಕೂಸಿನ ಹೆಸರು ಕೂಗುವಾಗಲೂ ನಾನು ಆ ಕೈ ಬಿಡಲಿಲ್ಲ. ನಾದಿನಿಯರು ನಕ್ಕರು.

ಸೊಲ್ಲಾಪುರಕ್ಕೆ ಮರಳಿ ಡಾಕ್ಟರರಿಗೆ ತೋರಿಸಿದೆವು. ನರದ ತೊಂದರೆ, ವ್ಯಾಯಾಮ ಮಾಡಿಸಿ, ಕಡಿಮೆ ಆಗಬಹುದು, ಆಗದೆಯೂ ಇರಬಹುದು ಎಂದರು. ಚಿಂತೆಯ ಹೆಂಗಸಿಗೆ ಇಂಥ ಮಾತು ಹೇಳಬಾರದು. ಆದರೂ ಮುಚ್ಚಿಟ್ಟ ಚಿಂತೆಗಿಂತ ಇಬ್ಬರೂ ಹಂಚಿಕೊಂಡ ಚಿಂತೆಯ ಭಾರ ಬೇರೆ ಎಂಬುದು ಅಂದು ಗೊತ್ತಾಯಿತು.

ಅವತ್ತು ಸಂಜೆ ನಾನೇ ಟೀವಿ ಹಚ್ಚಿ ಕಂಟ್ರೋಲರ್ ತಂದು ಇಬ್ಬರ ನಡುವೆ ಹಿಡಿದೆ. ಎಡಗೈ ಅವರದು, ಬಲಗೈ ನನ್ನದು. ಹುಡುಗನನ್ನು ಓಡಿಸುವುದು ಅವರು, ಹಾರಿಸುವುದು ನಾನು. ಅವರು 'ಈಗ' ಎಂದು ಹೇಳುವುದರೊಳಗೆ ನಾನು ಒತ್ತಿರುತ್ತಿದ್ದೆ, ಇಲ್ಲವೇ ಅವರು ಹೇಳಿ ಎಷ್ಟೋ ಹೊತ್ತಾದ ಮೇಲೆ ಒತ್ತುತ್ತಿದ್ದೆ. ಹುಡುಗ ಗೋಡೆಗೆ ಡಿಕ್ಕಿ ಹೊಡೆದ, ಕಸದ ಡಬ್ಬಿಯೊಳಗೆ ಹೋದ, ಒಮ್ಮೆ ಮೆಟ್ಟಿಲನ್ನು ಉಲ್ಟಾ ಹತ್ತಿದ. ನಮ್ಮವರು ನನ್ನನ್ನು ಬೈಯುತ್ತ ಬೈಯುತ್ತ, ನಡುವೆಯೇ ಬೇರಿಂಗಿನ ಗಾಡಿಯ ಒಂದು ಕಥೆ ತೆಗೆದರು. ಇಷ್ಟು ವರ್ಷಗಳಲ್ಲಿ ನಾನು ಕೇಳಿರದ ಕಥೆ ಅದು. ಕೇಳುತ್ತ ನಾನು ಯಾವುದೋ ಗುಂಡಿ ಒತ್ತಿದೆ. ಹುಡುಗ ಕಂಬಿಗೆ ಬಡಿದು, ಗಿರಗಿರ ತಿರುಗಿ, ಹಲಗೆಯನ್ನು ತಲೆಯ ಮೇಲೆ ಹೊತ್ತುಕೊಂಡು ಕೆಳಗೆ ಬಂದ.

ಮೂಲೆಯಲ್ಲಿ ಜಪಮಾಲೆ ನಿಂತಿತು. "ಇವತ್ತ ಹೊಸಾ ಥರಾ ಬಿದ್ದಾ ನೋಡ," ಎಂದರು ಅತ್ತೆ.