ಖಾಲಿ ಬಿಟ್ಟ ಚೌಕ

ಬಂಡೂ ಭಾವನಿಗೆ ಜ್ವರ ಬಂದಿರಲಿಲ್ಲ, ಶೈಲಾ. ನಾನು ನಿನಗೆ ಸುಳ್ಳು ಹೇಳಿದೆ.

ನನ್ನ ಗಂಡನ ಅಣ್ಣ ಅವರು, ನಿನ್ನ ದೊಡ್ಡ ಮಾಮಾ. ಸಣ್ಣವರಿದ್ದಾಗ ಜ್ವರ ಬಂದು ಕಿವಿ ಹೋದವು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನು ಮೊದಲ ಸಲ ಬಸುರಿಯಾದಾಗ ಅತ್ತೆಯವರು ನನ್ನ ತಲೆಗೆ ಎಣ್ಣೆ ಹಚ್ಚುತ್ತ, ಬಾಗಿಲ ಕಡೆ ಒಮ್ಮೆ ನೋಡಿ, “ಬಂಡು ಹುಟ್ಟಿದಾಗಿಂದ ಹಂಗ ಅದಾನವಾ. ಹೊರಗ ಆಡಬ್ಯಾಡ” ಅಂದಿದ್ದರು. ಇದು ಗೊತ್ತಿದ್ದೂ ನಾನು — ನೀನು ನೇರವಾಗಿ ಕೇಳಿದಾಗಲೂ —

ನಿಮ್ಮ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮೇಲೆ ನೀನು ಬಿ.ಎಸ್ಸಿ. ಓದಲು ಜಮಖಂಡಿಗೆ, ಅಜ್ಜಿಯ ಮನೆಗೆ ಬಂದೆ. ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಾಗ ಕಲಿತದ್ದನ್ನೆಲ್ಲ ಮತ್ತೊಮ್ಮೆ ಮಾಡಿ ನೋಡಲು ನಮ್ಮ ಅಡಿಗೆಮನೆಯೇ ನಿನ್ನ ಲ್ಯಾಬು. ನಾನು ಕಾನ್ವೆಂಟಿನಲ್ಲಿ ಓದಿದವಳು ಅಂತ ಪುಸ್ತಕದ ಇಂಗ್ಲಿಷನ್ನು ನನ್ನಿಂದ ಬಿಡಿಸಿ ಹೇಳಿಸಿಕೊಳ್ಳುತ್ತಿದ್ದೆ. ನನಗೂ ಒಳಗೊಳಗೇ ಹಿಗ್ಗು. ಸೌಟು ಹಿಡಿದು ಹಿಡಿದು ಸಾಕಾದ ಕೈಗೆ ಪುಸ್ತಕ ಸಿಕ್ಕಿತ್ತು.

ಮೊದಲು ಹುದುಗುವಿಕೆ. ಸೋಡಾ ಬಾಟಲಿಯಲ್ಲಿ ಬೆಲ್ಲದ ನೀರು, ಈಸ್ಟು, ಬಾಯಿಗೆ ಕೆಂಪು ಬಲೂನು. ಮಧ್ಯಾಹ್ನದ ಹೊತ್ತಿಗೆ ಬಲೂನು ಮೆಲ್ಲಗೆ ತಲೆ ಎತ್ತಿತು. ಅತ್ತೆಯವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದರು.

“ಏನಬೇ ಇದು ನಾತ? ಮಾಮಿ-ಸೊಸಿ ಕೂಡಿ ಸೆರೆ ಭಟ್ಟಿ ಇಟ್ಟೀರೇನು?”

“ಪರೀಕ್ಷಾದ್ದು ಆಯಿ. ಇದಕ್ಕ ಮಾರ್ಕ್ಸ್ ಕೊಡ್ತಾರ,” ಅಂದೆ ನೀನು ಅಜ್ಜಿಗೆ.

“ಛಲೋ ಆತು. ನಿಮ್ಮಜ್ಜ ಇದ್ದಿದ್ರ ಫಸ್ಟ್ ಕ್ಲಾಸಿನ್ಯಾಗ ಪಾಸಾಗ್ತಿದ್ರು.”

ನಮ್ಮ ನಗು ಕಂಡು ಬಂಡೂ ಭಾವನೂ ನಕ್ಕರು. ಬಲೂನಿಗೆ ಕೆನ್ನೆ ಹಚ್ಚಿ ಬಹಳ ಹೊತ್ತು ನಿಂತರು.

ಆಮೇಲೆ ವಿಕಾಸ. ನೀನು ನನ್ನ ಹಸಿರು ಬನಹಟ್ಟಿ ಸೀರೆ ಹಾಸಿ ಜೋಳ, ಹೆಸರುಕಾಳು ಚೆಲ್ಲಿದೆ. ಕಾಳು ಹೆಕ್ಕುವ ಹಕ್ಕಿ ಭಾವನೇ. ಬಿಳಿ ಜೋಳವೆಲ್ಲ ಬೇಗ ಬಟ್ಟಲು ಸೇರಿತು. ಹೆಸರುಕಾಳು ಸೀರೆಯ ಬಣ್ಣದಲ್ಲಿ ಅಡಗಿ ಉಳಿದುಕೊಂಡವು. “ಕಣ್ಣಿಗಿ ಬೀಳದ್ದು ಉಳಿತೈತಿ ಮಾಮಿ, ಉಳಿದದ್ದು ಬೆಳಿತೈತಿ” ಅಂದೆ ನೀನು.

ಕೊನೆಗೆ ತಳಿಶಾಸ್ತ್ರ — ವಂಶದ ನಕ್ಷೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಬಳಗದೊಳಗಿನ ಮದುವೆಗೆ ಜೋಡಿ ಗೆರೆ. ಹುಟ್ಟಿನಿಂದಲೇ ಬಂದ ದೋಷವಿದ್ದರೆ ಆ ಚೌಕವನ್ನೋ ವೃತ್ತವನ್ನೋ ಕಪ್ಪು ತುಂಬಬೇಕು. ನೀನು ಪುಸ್ತಕದ ನಕ್ಷೆ ಬಿಟ್ಟು ನಮ್ಮ ಮನೆಯದನ್ನೇ ನೆಲದ ಫರಸಿಯ ಮೇಲೆ ಸೀಮೆಸುಣ್ಣದ ಖಡುವಿನಿಂದ ಬರೆದೆ. ನಿನ್ನ ಅಜ್ಜ ತಮ್ಮ ಅಕ್ಕನ ಮಗಳನ್ನೇ ಮಾಡಿಕೊಂಡವರು: ಜೋಡಿ ಗೆರೆ. ಕೆಳಗೆ ಅವರ ಮಕ್ಕಳು — ನಿಮ್ಮವ್ವ, ಬಂಡೂ ಭಾವ, ನನ್ನ ಗಂಡ, ಎಲ್ಲರಿಗಿಂತ ಕಿರಿಯ ಪ್ರಕಾಶ. ಪ್ರಕಾಶನ ಚೌಕದಿಂದ ನಿನ್ನ ವೃತ್ತಕ್ಕೆ ಮತ್ತೊಂದು ಜೋಡಿ ಗೆರೆ ಎಳೆಯಲು ಹೋದ ನೀನು ಕೈ ತಡೆದೆ. ಸೋದರಮಾವನಿಗೇ ನಿನ್ನನ್ನು ಕೊಡಬೇಕೆಂಬ ಮಾತು ನಡೆದಿತ್ತು. ನೀನು ಹೂಂ ಅನ್ನುವುದೊಂದೇ ಬಾಕಿ.

ಒಲೆಯಿಂದ ತೆಗೆದ ಇದ್ದಿಲ ಚೂರು ನಿನ್ನ ಬೆರಳ ನಡುವೆ ಇತ್ತು.

“ಮಾಮಿ, ಖರೆ ಹೇಳ್ರಿ. ದೊಡ್ಡ ಮಾಮಾಗ ಜ್ವರಾನ ಬಂದಿತ್ತೇನ್ರಿ? ಹುಟ್ಟಿದಾಗಿಂದ ಹಂಗ ಇದ್ರ ಇದನ್ನ ಕಪ್ಪು ಮಾಡಬೇಕ್ರಿ. ಕಪ್ಪಾದ್ರ ನಾ ಈ ಮದುವಿ ಒಲ್ಲೆ ಅಂತೀನಿ.”

ದೇವರ ಕೋಣೆಯಲ್ಲಿ ಅತ್ತೆಯವರ ಗಂಟೆ ನಿಂತಿತ್ತು. ಹೊಸ್ತಿಲ ಮೇಲೆ ಕೂತ ಭಾವ ನನ್ನ ತುಟಿಗಳನ್ನೇ ನೋಡುತ್ತಿದ್ದರು. ತುಟಿ ನೋಡಿ ಅವರಿಗೆ ಎಷ್ಟು ತಿಳಿಯುತ್ತಿತ್ತೋ —

“ಜ್ವರ ಬಂದಿತ್ತು. ಖಾಲಿ ಬಿಡು,” ಅಂದೆ.

ನೀನು ಇದ್ದಿಲನ್ನು ಒಲೆಗೆ ಹಾಕಿದೆ. ನಿನ್ನ ಮುಖ ಹಗುರಾಯಿತು. ನಾನು ಒದ್ದೆ ಅರಿವೆ ತಂದು, ನೀನು ಏಳುವುದಕ್ಕೂ ಕಾಯದೆ, ನಕ್ಷೆಯನ್ನು ಒರೆಸಿಬಿಟ್ಟೆ.

ಅತ್ತೆಯವರಿಗೆ ಹೆದರಿ ಹಾಗೆ ಹೇಳಿದೆ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅತ್ತೆಯವರು ತೀರಿಕೊಂಡರು, ಹೆದರುವುದಕ್ಕೆ ಯಾರೂ ಉಳಿಯಲಿಲ್ಲ. ಆಗಲೂ ನನ್ನ ಬಾಯಿ ತೆರೆಯಲಿಲ್ಲ. ಅಂದಮೇಲೆ ಅದು ಬರೀ ಹೆದರಿಕೆಯಲ್ಲ. ನೀನು ಈ ಮನೆಯಲ್ಲೇ ಉಳಿಯಬೇಕಾಗಿತ್ತು ನನಗೆ. ಮಧ್ಯಾಹ್ನ ಪುಸ್ತಕ ಬಿಚ್ಚಿ ಕೂಡುವವಳು, ನನ್ನ ಮಾತನ್ನು ಕೇಳುವವಳು, ಇಲ್ಲಿ ನೀನೊಬ್ಬಳೇ ಇದ್ದೆ. ಅದಕ್ಕಾಗಿ ನಿನ್ನ ಪ್ರಶ್ನೆಯನ್ನು ಒರೆಸಿದೆ. ಉಳಿಯಲೂ ಇಲ್ಲ ನೀನು. ಮದುವೆಯಾಗಿ ಓದು ಬಿಟ್ಟು ಪ್ರಕಾಶನ ಜೊತೆ ಮುಧೋಳಕ್ಕೆ ಹೋದೆ.

ಚಿನ್ನಿ ಹುಟ್ಟಿದಳು. ಒಂದು ದಿನ ಅವಳ ಬೆನ್ನ ಹಿಂದೆ ಸ್ಟೀಲಿನ ಪರಾತ ಬಿದ್ದು ಮನೆಯೆಲ್ಲ ಸದ್ದಾಯಿತು. ಅವಳು ಕಿಟಕಿಯ ಗುಬ್ಬಿಯನ್ನು ನೋಡುತ್ತಲೇ ಇದ್ದಳು. ಮನೆಯಲ್ಲಿ ಯಾರಾದರೂ ಹುಟ್ಟುಕಿವುಡರು ಇದ್ದಾರೆಯೇ ಅಂತ ಡಾಕ್ಟರು ಕೇಳಿದಾಗ ನೀನು ಇಲ್ಲ ಅಂದೆಯಂತೆ. ನಮ್ಮ ಮಾಮಾಗ ಜ್ವರದಿಂದ ಹಂಗಾತು ಅಂದೆಯಂತೆ. ಆಮೇಲೆ ನನ್ನ ಕೈ ಹಿಡಿದು, “ಬಸುರಿದ್ದಾಗ ನನಗೂ ಜ್ವರ ಬಂದಿತ್ತಲ್ರಿ ಮಾಮಿ. ನನ್ನಿಂದನ ಆತು” ಅಂದೆ.

ನಾನು ಹೇಳಿದ ಜ್ವರ ನಿನ್ನ ಮೈಗೆ ಬಂದು ಅಂಟಿತ್ತು. ಆಗಲಾದರೂ ಹೇಳಬಹುದಿತ್ತು. ನಾನು ಕೂಸಿನ ಕುಂಚಿಗೆ ಸರಿಮಾಡಿದೆ, ಅಷ್ಟೇ.

ಚಿನ್ನಿಯ ಬಗ್ಗೆ ನನಗೆ ದುಃಖವಿಲ್ಲ, ಶೈಲಾ. ಅವಳೂ ಬಂಡೂ ಭಾವನೂ ಅಂಗಳದಲ್ಲಿ ಕೈಸನ್ನೆಯಲ್ಲೇ ಜಗಳಾಡುವುದನ್ನು, ಅವಳೇ ಗೆಲ್ಲುವುದನ್ನು ನೋಡಿದವಳು ನಾನು. ನನ್ನ ತಪ್ಪು ಅವಳಲ್ಲ. ತಿಳಿದುಕೊಂಡು ಹೂಂ ಅನ್ನುವ, ಇಲ್ಲವೇ ಒಲ್ಲೆ ಅನ್ನುವ ಹಕ್ಕು ನಿನ್ನದಾಗಿತ್ತು. ಅದನ್ನು ಕಸಿದುಕೊಂಡವಳು ನಾನು.

ಮೊನ್ನೆ ಫೋನಿನಲ್ಲಿ, “ಎರಡನೇದಕ್ಕ ವಿಚಾರ ಮಾಡಾಕತ್ತೇವ್ರಿ. ಈ ಸಲ ಜ್ವರ ಬರದಂಗ ನೋಡ್ಕೋತೀನಿ” ಅಂದೆ. ದಣಿದಿದ್ದೇನೆ. ಇನ್ನು ಇದನ್ನು ಹೊರಲಾರೆ — ಅದಕ್ಕಿಂತ, ನೀನು ಹೊರುವುದನ್ನು ನೋಡಲಾರೆ.

ನಾಳೆ ಮುಧೋಳದ ಬಸ್ಸಿಗೆ ಬರುತ್ತೇನೆ. ಪ್ರಕಾಶನೂ ಮನೆಯಲ್ಲಿರಲಿ. ಇದನ್ನೆಲ್ಲ ಕೇಳಿದ ಮೇಲೆ ನೀನು ನನ್ನನ್ನು ಮಾಮಿ ಅನ್ನದಿದ್ದರೆ, ಅನ್ನಬೇಡ. ನಿನ್ನ ಫರಸಿಯ ಮೇಲೆ ಆ ನಕ್ಷೆಯನ್ನು ಈ ಸಲ ನಾನೇ ಬರೆಯುತ್ತೇನೆ. ಡಾಕ್ಟರ ಮುಂದೆಯೂ ಬರೆಯುತ್ತೇನೆ. ಬಂಡೂ ಭಾವನ ಚೌಕಕ್ಕೆ ಬಂದಾಗ ಕಪ್ಪು ತುಂಬುತ್ತೇನೆ.